ಹಳೆ ಓಮ್ನಿಯಲ್ಲಿ ಚಂದ್ರಗುತ್ತಿಗೆ

ಅತ್ತೆ-ಮಾವ, ಮಕ್ಕಳು, ಬುತ್ತಿಗಂಟು ಎಲ್ಲಾ ಹಿಡಿಸುವ ಗಾಡಿ ಬೇಕು, ಹೊಸದಕ್ಕೆ ಹಣವಿಲ್ಲ ಅಂತೀರಾ? ಲಕ್ಷ ಕಿಲೋಮೀಟರ್ ಓಡಿದ ಮಾರುತಿ ಓಮ್ನಿಯನ್ನೂ ನೋಡಬಹುದು. ಅದರ ತಯಾರಿಕೆ 2019ರಲ್ಲೇ ನಿಂತಿದೆ, ಸಿಗುವುದೆಲ್ಲ ಹಳೆಯದೇ. ಆದ್ದರಿಂದ ಚೀಟಿ ಹಣ ಕೊಡುವ ಮೊದಲು, ಪೆಟ್ರೋಲು ನಾವೇ ಹಾಕಿಸ್ತೀವಿ ಎಂದು ಮಾಲೀಕರನ್ನು ಒಪ್ಪಿಸಿ, ಶಿಕಾರಿಪುರದಿಂದ ಚಂದ್ರಗುತ್ತಿಗೆ ಒಮ್ಮೆ ಹೋಗಿಬನ್ನಿ.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದೇ ಅರ್ಥ. ಹುಚ್ಚರಾಯಸ್ವಾಮಿಗೆ ಕೈಮುಗಿದು ಶಿರಾಳಕೊಪ್ಪದ ದಾರಿ ಹಿಡಿಯಿರಿ. ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಮೂರು ಗರ್ಭಗುಡಿ ನೋಡಿ ಬಂದವರು ಗಾಡಿಯ ಕೆಳಗೂ ಬಗ್ಗಿ ನೋಡಿ. ಎಣ್ಣೆ, ನೀರು ತೊಟ್ಟಿಕ್ಕಿರಬಾರದು. ಸೊರಬದ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿರಲಿ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಸೀಟು ಬೆಚ್ಚಗಾಗುವುದು ಸಹಜ. ಮುಳ್ಳು ಏರುತ್ತಲೇ ಹೋದರೆ ಸಹಜವಲ್ಲ. ಆಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಅದೂ ಕುಕ್ಕರಿನ ಹಾಗೇ ಕಣ್ರೀ!

ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ದರ್ಶನವಾಗಲಿ, ನೆರಳಲ್ಲಿ ಬುತ್ತಿ ಬಿಚ್ಚಿ. ಊಟವಾದ ಮೇಲೆ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಮಲೆನಾಡಿನ ಮಳೆ ತಂದ ತುಕ್ಕು ಅಲ್ಲೇ ಅಡಗಿರುವುದು. ಮೀಟರಿನ ಅಂಕಿಯನ್ನೇ ನಂಬದೆ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ. 15 ವರ್ಷ ದಾಟಿದ್ದರೆ ಆರ್.ಸಿ. ನವೀಕರಿಸಿದೆಯೇ ಎಂದು ಓದಿ ನೋಡಿ.

ಮನಸ್ಸು ಒಪ್ಪದಿದ್ದರೆ ಬೇಡ ಅನ್ನಿ. ಹಣ ಉಳಿಯಿತು, ದರ್ಶನವೂ ಆಯಿತು. ಕೊಂಡರೆ, ವಾರಕ್ಕೊಮ್ಮೆ ಆಯಿಲ್, ನೀರು, ಟೈರಿನ ಗಾಳಿ ನೋಡಿಸಿ. ಆಯಿಲ್ ಬದಲಿಸಿದ ದಿನವನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ.