ಒಂದು ಗ್ರಾಂ ಇದ್ದಿಲು, ಒಂಬತ್ತು ಸೈಟು

ಬದನೆಕಾಯಿಯನ್ನು ಅಮುಕಿ ನೋಡಬಹುದು, ಹಲಸಿನ ಹಣ್ಣನ್ನು ಮೂಸಿ ನೋಡಬಹುದು, ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಬಹುದು. ನೀರು ಶುದ್ಧ ಮಾಡುವ ಇದ್ದಿಲನ್ನು ಏನು ಮಾಡಿ ನೋಡುತ್ತೀರಿ, ಹೇಳಿ? ಹಿಡಿದರೆ ಕೈ ಕಪ್ಪು, ಮೂಸಿದರೆ ಮೂಗು ಕಪ್ಪು. ಒಳ್ಳೆಯದೂ ಕಪ್ಪೇ, ಕಳಪೆಯೂ ಕಪ್ಪೇ. ಅಂಗಡಿಯವನು ಮಾತ್ರ ಎರಡು ಚೀಲ ಮುಂದಿಟ್ಟು, "ಸಾರ್, ಇದು ಒಂಬೈನೂರು, ಅದು ಸಾವಿರದ ನೂರು" ಅನ್ನುತ್ತಾನೆ. ರೂಪಾಯಿ ಎಂದುಕೊಂಡು ಜೇಬಿಗೆ ಕೈ ಹಾಕಬೇಡಿ. ಅವನು ಹೇಳಿದ್ದು ಅಯೋಡಿನ್ ನಂಬರು.

ಆ ನಂಬರಿನ ವಿಷಯ ಆಮೇಲೆ ನೋಡೋಣ, ಅವಸರವೇನಿದೆ? ಮೊದಲು ಇದ್ದಿಲಿನ ಆಸ್ತಿಪಾಸ್ತಿ ವಿಚಾರಿಸೋಣ. ಆವಿ ಹಾಯಿಸಿ, 800–1,000 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಹದ ಮಾಡಿದ ಒಳ್ಳೆಯ ಇದ್ದಿಲಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಂದೇ ಒಂದು ಗ್ರಾಮಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 1,000 ಚದರ ಮೀಟರ್ ಜಾಗ. ಹಳ್ಳಿಯ ಲೆಕ್ಕದಲ್ಲಿ ಹತ್ತು ಗುಂಟೆ, ಬೆಂಗಳೂರಿನ ಲೆಕ್ಕದಲ್ಲಿ ಮೂವತ್ತು-ನಲವತ್ತರ ಒಂಬತ್ತು ಸೈಟು! ಅದೂ ಖಾತೆ, ಕಂದಾಯ, ಪಕ್ಕದ ಮನೆಯವರ ತಕರಾರು ಯಾವುದೂ ಇಲ್ಲದ ಸೈಟು. 25 ಕೆಜಿ ಚೀಲದಲ್ಲಿ ಎಷ್ಟಾಯಿತು ಎಂಬುದನ್ನು ನಿಮ್ಮ ಲೆಕ್ಕಕ್ಕೇ ಬಿಟ್ಟೆ. ನೀರಿನಲ್ಲಿ ಬರುವ ಬಣ್ಣ, ವಾಸನೆ, ಕೀಟನಾಶಕಗಳು ಈ ಗೋಡೆಗಳಿಗೆ ಅಂಟಿಕೊಂಡು ಅಲ್ಲೇ ಸಂಸಾರ ಹೂಡುತ್ತವೆ. ಸೈಟೆಲ್ಲ ತುಂಬಿದ ಮೇಲೆ ಹೊಸಬರಿಗೆ ಜಾಗವಿಲ್ಲ, ಬಂದದ್ದು ಬಂದ ಹಾಗೇ ನಲ್ಲಿಗೆ ಹೋಗುತ್ತದೆ. "ಭರ್ತಿಯಾಗಿದೆ" ಎಂದು ಬೋರ್ಡು ತೂಗುಹಾಕುವ ಸೌಜನ್ಯ ಇದ್ದಿಲಿಗಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಇದ್ದಿಲೇನು ಹೊಸ ಪರಿಚಯವೇ? ಶಾಲೆಯ ಪುಸ್ತಕದಲ್ಲಿ ಒಂದರ ಮೇಲೊಂದು ಮಡಕೆ, ಅವುಗಳಲ್ಲಿ ಮರಳು, ಜಲ್ಲಿ, ಇದ್ದಿಲು ತುಂಬಿದ ಚಿತ್ರ ಬರೆಯದವರು ಯಾರು? ಅದಕ್ಕೂ ಹಿಂದಿನ ಅಜ್ಜಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಕದಡಿದ ನೀರನ್ನು ತಿಳಿಯಾಗಿಸುತ್ತಿದ್ದರು. ಅದು ಬೇರೆ ವಿದ್ಯೆ ಬಿಡಿ, ಅಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಕೂಡಿ ತಳಕ್ಕಿಳಿಯುತ್ತವೆ. ಆದರೆ ಈ ಸಾಧು ಬೀಜಕ್ಕೆ ಒಬ್ಬ ವಿಷದ ದಾಯಾದಿ ಇದ್ದಾನೆ, ಕಾಸರಕ. ಎರಡೂ ಒಂದೇ ಕುಲ. ಕಾಸರಕದ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. 1831ರಲ್ಲಿ ಟುವೇರಿ ಎಂಬ ಫ್ರೆಂಚ್ ಔಷಧ ವ್ಯಾಪಾರಿ ವೈದ್ಯರ ಸಭೆಯ ಮುಂದೆ ನಿಂತು, ಸಾಯಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸ್ಟ್ರಿಕ್ನಿನ್ನನ್ನು ಇದ್ದಿಲ ಪುಡಿಯ ಜೊತೆ ಕಲಸಿ ನುಂಗಿ, ಏನೂ ಆಗದೆ ಮನೆಗೆ ಹೋದನಂತೆ. ವೈದ್ಯಚರಿತ್ರೆ ಬರೆಯುವವರಿಗೆ ಬಹಳ ಪ್ರಿಯವಾದ ಕತೆ ಇದು. ಸಭಿಕರು ಚಪ್ಪಾಳೆ ತಟ್ಟಿದರೋ, ನಿರಾಶರಾದರೋ! ನೀವಂತೂ ಪ್ರಯೋಗ ಮಾಡಲು ಹೋಗಬೇಡಿ.

ಇದ್ದಿಲಿನ ನಿಜವಾದ ಅದೃಷ್ಟ ಕುದುರಿದ್ದು ಮೊದಲ ಮಹಾಯುದ್ಧದಲ್ಲಿ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನರು ಕ್ಲೋರಿನ್ ಅನಿಲ ಬಿಟ್ಟ ಮೇಲೆ ಮುಖವಾಡಕ್ಕೆ ಇದ್ದಿಲು ಬೇಕಾಯಿತು. ಅತ್ಯುತ್ತಮವಾದದ್ದು ತೆಂಗಿನ ಚಿಪ್ಪಿನದು. ತೆಂಗು ಸಾಲದೆ ಅಮೆರಿಕದಲ್ಲಿ 1918ರಲ್ಲಿ ಪೀಚ್ ಹಣ್ಣಿನ ಓಟೆ ಕೂಡಿಟ್ಟು ಕೊಡಿ ಎಂದು ಮನೆಮನೆಗೆ ಮನವಿ ಹೋಯಿತು. ತಿಪಟೂರಿನವರು ಕೇಳಿದರೆ ನಕ್ಕಾರು. ಕೊಬ್ಬರಿ ಬಿಡಿಸಿ ಬಿಸಾಡಿದ ಚಿಪ್ಪು ನಮ್ಮಲ್ಲಿ ಬಚ್ಚಲೊಲೆಗೆ ಹೋಗುತ್ತಿದ್ದ ಕಾಲವದು.

ಈಗ ನಂಬರಿಗೆ ಬರೋಣ. ಒಂದು ಗ್ರಾಂ ಇದ್ದಿಲು ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆಯೋ ಅದೇ ಆ ಸಂಖ್ಯೆ. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಂಡಿರಾ? ಅಲ್ಲೇ ತೊಡಕು. ಅಯೋಡಿನ್ ಕಣ ಚಿಕ್ಕದು. ಅದು ಚಿಕ್ಕ ರಂಧ್ರಗಳ ಗುಣವನ್ನಷ್ಟೇ ಹೇಳುತ್ತದೆ. ತೆಂಗಿನ ಚಿಪ್ಪಿನಲ್ಲಿರುವುದು ಬಹುಪಾಲು ಅಂಥವೇ, ವಾಸನೆ ಹಿಡಿಯಲು ಸೊಗಸು. ಗಾಢವಾದ ಬಣ್ಣ ತೆಗೆಯಬೇಕಾದರೆ ದೊಡ್ಡ ಬಾಗಿಲಿನ ಮರದ ಇದ್ದಿಲೇ ಮೇಲು. ಅದನ್ನು ಅಳೆಯಲು ಕಾಕಂಬಿಯನ್ನು ತಿಳಿಯಾಗಿಸುವ ಬೇರೆ ಪರೀಕ್ಷೆಯೇ ಇದೆ. ಇನ್ನು ಇದ್ದಿಲಿನ ತೇವ. ಮಾರುವುದು ತೂಕದಲ್ಲಿ, ಇದ್ದಿಲೋ ಗಾಳಿಯ ತೇವವನ್ನೆಲ್ಲ ಕುಡಿಯುವ ಜಾತಿ. ನೀರು ಶುದ್ಧ ಮಾಡಲು ಹೋಗಿ ಕೆಜಿ ಲೆಕ್ಕದಲ್ಲಿ ನೀರನ್ನೇ ಕೊಂಡು ತರುವ ಭಾಗ್ಯ ಎಷ್ಟು ಜನಕ್ಕುಂಟು! ತೇವ ಶೇಕಡಾ ಐದು ಮೀರಬಾರದು ಎಂದು ಬರೆಸಿಕೊಳ್ಳಿ.

ಬರೆಸಿಕೊಳ್ಳುವುದು ಅಂದಾಗ, ನೀರು ಶುದ್ಧ ಮಾಡುವ ಯಂತ್ರ ಮಾರಲು ಮನೆಬಾಗಿಲಿಗೆ ಬರುವ ಟೈಧಾರಿ ಹುಡುಗರು ನೆನಪಾದರು. "ಆಂಟಿ, ನಿಮ್ಮ ನೀರು ತೋರಿಸಿ" ಎಂದು ಎರಡು ಲೋಟದಲ್ಲಿ ವಿದ್ಯುತ್ ಕಡ್ಡಿ ಅದ್ದುತ್ತಾರೆ. ಬೋರ್‌ವೆಲ್ ನೀರು ನೋಡನೋಡುತ್ತ ಚರಂಡಿಯ ಬಣ್ಣ ತಾಳುತ್ತದೆ, ಅವರ ಯಂತ್ರದ ನೀರು ಸ್ಫಟಿಕ. ಆಂಟಿಗೆ ಎದೆ ಧಸಕ್ಕೆನ್ನದೆ ಇದ್ದೀತೇ? ಅಸಲಿಗೆ ಅಲ್ಲಿ ಕರಗಿದ್ದು ಕಬ್ಬಿಣದ ಕಡ್ಡಿ. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಕಡ್ಡಿ ತುಕ್ಕಾಗಿ ಇಳಿಯುತ್ತದೆ. ಅವರ ಸ್ಫಟಿಕದ ನೀರಿಗೂ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಹುಡುಗನ ಮುಖದ ಬಣ್ಣವೂ ಬದಲಾಗುತ್ತದೆ.

ಇದ್ದಿಲಿಗೆ ಒಗ್ಗದ್ದೂ ಬಹಳ ಇದೆ. ಗಡಸುತನ, ನೈಟ್ರೇಟು, ಫ್ಲೋರೈಡು ಅದರ ಗೋಡೆಗೆ ಅಂಟುವುದೇ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳನ್ನು ಕಂಡವರಿಗೆ ಫ್ಲೋರೈಡಿನ ಕಾಟ ವಿವರಿಸಬೇಕಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ, ಎನ್ನುತ್ತದೆ ಸರ್ಕಾರದ ಮಾನದಂಡ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಇನ್ನೂ ಮೀರಿದರೆ ಮೂಳೆಗೇ ಕುತ್ತು. ಅದಕ್ಕೆ ಬೇಕಾದದ್ದು ಅಲ್ಯುಮಿನಾದ ಬಿಳಿ ಗುಂಡುಗಳು. ಆದರೆ ಅವು ಚೆನ್ನಾಗಿ ದುಡಿಯುವುದು ನೀರು ತುಸು ಹುಳಿಯಾಗಿದ್ದರೆ, ಪಿಎಚ್ ಐದೂವರೆ-ಆರರ ಸುಮಾರಿಗೆ. ನಮ್ಮ ಬಯಲುಸೀಮೆಯ ನೀರು ಏಳು-ಎಂಟರಲ್ಲಿ ಕೂತು, ಜೊತೆಗೆ ಬೈಕಾರ್ಬನೇಟನ್ನೂ ಕಟ್ಟಿಕೊಂಡು ಬರುತ್ತದೆ. ಅದೂ ಅದೇ ಜಾಗಕ್ಕೆ ಪೈಪೋಟಿ. ಕರಪತ್ರದಲ್ಲಿ ಅಚ್ಚಾದ ಸಾಮರ್ಥ್ಯ ಪ್ರಯೋಗಾಲಯದ ಸೌಮ್ಯ ನೀರಿನದು. ನಿಮ್ಮೂರಿನ ನೀರಿನಲ್ಲಿ ಎಷ್ಟು ಎಂದು ಕೇಳಿದರೆ ಮಾರುವವನು ಫೋನು ಬಂತೆಂದು ಎದ್ದು ಹೋಗುತ್ತಾನೆ. ಗುಂಡುಗಳು ದಣಿದ ಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮ್ಲದ ಸ್ನಾನ ಮಾಡಿಸಿ ಮತ್ತೆ ಕೆಲಸಕ್ಕೆ ಹಚ್ಚಬಹುದು. ಯಾರು ತೊಳೆಯುವುದು, ತೊಳೆದ ನೀರನ್ನು ಯಾರ ಹೊಲಕ್ಕೆ ಬಿಡುವುದು? ಇದರಲ್ಲೇ ಎಷ್ಟೋ ಹಳ್ಳಿಗಳ ಯೋಜನೆಗಳು ಕೂತುಬಿಟ್ಟವು.

ಅಲ್ಯುಮಿನಾಕ್ಕಿಂತ ಅಗ್ಗದ್ದೊಂದಿದೆ, ಹೇಳಲು ಸಂಕೋಚ: ಸುಟ್ಟ ಮೂಳೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಫ್ಲೋರೈಡಿಗೆ ಅದನ್ನೇ ಬಳಸಿದ್ದಾರೆ, ಚೆನ್ನಾಗಿ ಹಿಡಿಯುತ್ತದೆ. ನಮ್ಮಲ್ಲಿ ಮಡಿ ನೀರಿನ ಕೊಡದ ಪಕ್ಕದಲ್ಲಿ ಮೂಳೆಯ ಡಬ್ಬ ಇಟ್ಟು ನೋಡಿ! ಪಶ್ಚಿಮದವರು ಸಕ್ಕರೆಯನ್ನೂ ಮೂಳೆ ಇದ್ದಿಲಿನಲ್ಲಿ ಬೆಳ್ಳಗೆ ಮಾಡುತ್ತಿದ್ದರು. ನಮ್ಮ ಕಾರ್ಖಾನೆಗಳಲ್ಲಿ ಬಹುಮಟ್ಟಿಗೆ ಸುಣ್ಣ ಮತ್ತು ಗಂಧಕದ ಹೊಗೆ, ಆದ್ದರಿಂದ ಹಬ್ಬದ ಹೋಳಿಗೆಗೆ ಅಡ್ಡಿಯಿಲ್ಲ. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ಆರ್ಸೆನಿಕ್ಕಿಗೆ ಇದ್ದಿಲು ಅಷ್ಟಾಗಿ ಒದಗುವುದಿಲ್ಲ. ಅದಕ್ಕೆ ತುಕ್ಕಿನ ವಂಶದ ಕಬ್ಬಿಣದ ಹರಳುಗಳೇ ಮೇಲು. ಕೆಡುವ ಕಬ್ಬಿಣವೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ ನೋಡಿ.

ಹೀಗಿರುವಾಗ, ಸೋಸುವ ವಸ್ತುವನ್ನು ಮೀಡಿಯಾ ಎಂದು ಕರೆಯುತ್ತ "ಎಲ್ಲದಕ್ಕೂ ಒಂದೇ ಮೀಡಿಯಾ ಸಾರ್" ಎನ್ನುವವನ ಕೈಯಿಂದ ಏನನ್ನೂ ಕೊಳ್ಳಬೇಡಿ. ನಿಮ್ಮ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಟ್ಟು, ಚೀಟಿ ಕೈಗೆ ಬಂದ ಮೇಲೆ ಅಂಗಡಿಗೆ ಹೋಗಿ. ಹೋದವರು ಇದ್ದಿಲೇ ಕೊಂಡರೆ, ತೊಟ್ಟಿಗೆ ತುಂಬುವ ಮೊದಲು ಕಪ್ಪು ನೀರು ನಿಲ್ಲುವವರೆಗೂ ತೊಳೆಯಬೇಕು. ಆ ದಿನ ಬಿಳಿ ಪಂಚೆ ಉಡಬೇಡಿ.