ಹೊಸ ಏಜೆಂಟ

ಹತ್ತನೆಯ ತರಗತಿ ಮುಗಿಸಿದವನು ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಜೀವವಿಮೆಯ ಏಜೆಂಟನಾಗುವುದು ಅಷ್ಟೇನೂ ಕಷ್ಟವಲ್ಲ. ಅನಂತರ ನೆಂಟರ ಮನೆಯ ಹೊಸ್ತಿಲು ದಾಟುವುದೇ ಕಷ್ಟ. ನಿನ್ನೆಯವರೆಗೆ “ಬಾರೋ, ಕಾಫಿ ಕುಡಿ” ಎನ್ನುತ್ತಿದ್ದ ಸೋದರಮಾವ, ಕಂಕುಳಿನ ಚೀಲವನ್ನು ಕಂಡೊಡನೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಸಾವಿನ ಮಾತೆತ್ತದೆ ವಿಮೆಯನ್ನು ವಿವರಿಸುವಂತಿಲ್ಲ, ಎತ್ತಿದರೆ ಅತ್ತೆ “ಬಿಡ್ತು ಅನ್ನು!” ಎಂದು ಗದರುತ್ತಾರೆ.

ಕೊನೆಗೆ ಮಾವ ಒಪ್ಪಿದರೆನ್ನಿ. ಒಡನೆಯೇ ಎರಡು ಷರತ್ತುಗಳು: ಏಜೆಂಟನ ಕಮಿಷನ್ನಿನಲ್ಲಿ ತಮಗೊಂದು ಪಾಲು ಬರಬೇಕು; ಸಕ್ಕರೆ ಕಾಯಿಲೆಯ ಸಂಗತಿ ಅರ್ಜಿಯಲ್ಲಿ ಬರಕೂಡದು. ಮೊದಲನೆಯದನ್ನು 1938ರ ವಿಮಾ ಕಾಯಿದೆಯ 41ನೆಯ ಕಲಮು ನಿಷೇಧಿಸಿದೆ. ಎರಡನೆಯದು ಇನ್ನೂ ಘೋರ. ಪಾಲಿಸಿ ಆರಂಭವಾಗಿ ಮೂರು ವರ್ಷ ತುಂಬುವುದರೊಳಗೆ ಮಾವ ತೀರಿಕೊಂಡು, ಮುಚ್ಚಿಟ್ಟ ಕಾಯಿಲೆ ಬೆಳಕಿಗೆ ಬಂದರೆ, 45ನೆಯ ಕಲಮಿನಂತೆ ವಿಮಾಸಂಸ್ಥೆಯು ಹಣ ಕೊಡಲು ನಿರಾಕರಿಸಬಹುದು. ಆಗ ಉತ್ತರ ಹೇಳಬೇಕಾದವನು ಏಜೆಂಟ. ಕೇಳುವವರು, ಅಂದು “ಬಿಡ್ತು ಅನ್ನು” ಎಂದ ಅದೇ ಅತ್ತೆ.

ಇದ್ದುದನ್ನು ಇದ್ದಂತೆ ಬರೆದರೆ ಕಂತು ಹೆಚ್ಚಾದೀತು, ಮಾವ ಮುನಿದಾರು. ಮುನಿದವರ ಮನೆಯಿಂದ ಬರಿಗೈಯಲ್ಲಿ ಮೆಟ್ಟಿಲಿಳಿಯಬಲ್ಲವನಿಗೇ ಈ ವೃತ್ತಿ ಒಲಿಯುವುದು. ಹೇಗೂ ಮುಂದಿನ ಬೀದಿಯಲ್ಲಿ ಚಿಕ್ಕಪ್ಪನವರ ಮನೆಯಿದೆ.