ಬದಲಿಗೆ ಬಂದ ನೋಟು

ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ, ಹಳೆಯ ನಾಣ್ಯ – ಬಾಲ್ಯದಲ್ಲಿ ಇವುಗಳಲ್ಲಿ ಒಂದನ್ನಾದರೂ ಕೂಡಿಡದವರು ವಿರಳ. ವಯಸ್ಸಾದಂತೆ ಹಲವರ ಹುಚ್ಚು ಬಿಟ್ಟುಹೋಗುತ್ತದೆ, ಕೆಲವರದು ಬಲಿಯುತ್ತದೆ. ಹಾಗೆ ಬಲಿತವರಲ್ಲಿ ನೋಟು ಸಂಗ್ರಾಹಕರದೇ ಒಂದು ಪಂಗಡ. ಅದರೊಳಗೂ ಒಂದು ಒಳಪಂಗಡವುಂಟು. ಈ ಪಂಗಡದವನ ಕೈಗೆ ನೋಟು ಕೊಟ್ಟರೆ ಅವನು ಚಿತ್ರವನ್ನು ನೋಡುವುದಿಲ್ಲ, ಬೆಲೆಯನ್ನೂ ನೋಡುವುದಿಲ್ಲ. ಅವನ ಕಣ್ಣು ನೆಟ್ಟಗೆ ಹೋಗುವುದು ಕ್ರಮಸಂಖ್ಯೆಯ ಮುಂದಿರುವ ಅಕ್ಷರಕ್ಕೆ. ಅವನು ಹುಡುಕುವುದು ‘ಬದಲಿ ನೋಟು’ಗಳನ್ನು.

ಬದಲಿ ನೋಟೆಂದರೆ ಖೋಟಾ ನೋಟಲ್ಲ. ಮುದ್ರಣಾಲಯದಲ್ಲಿ ನೋಟುಗಳು ಅಚ್ಚಾದ ಮೇಲೆ ತಪಾಸಣೆ ನಡೆಯುತ್ತದೆ. ಎಲ್ಲೋ ಮಸಿ ಹರಡಿರುತ್ತದೆ, ಎಲ್ಲೋ ಅಂಚು ಓರೆಯಾಗಿರುತ್ತದೆ. ಕೆಟ್ಟದ್ದನ್ನು ತೆಗೆದುಹಾಕಿದರೆ ನೂರರ ಕಟ್ಟಿನಲ್ಲಿ ಒಂದು ಕಡಿಮೆ ಬೀಳುತ್ತದೆ. ಅದೇ ಸಂಖ್ಯೆಯನ್ನು ಮತ್ತೆ ಅಚ್ಚು ಹಾಕುವುದು ದುಬಾರಿ ಕೆಲಸ, ಸಮಯವೂ ದಂಡ. ಅದಕ್ಕೆಂದೇ ಬೇರೆ ಗುರುತಿನ ನೋಟುಗಳನ್ನು ಮೊದಲೇ ಅಚ್ಚುಮಾಡಿ ಇಟ್ಟುಕೊಂಡಿರುತ್ತಾರೆ. ಖಾಲಿಯಾದ ಜಾಗಕ್ಕೆ ಅದರಲ್ಲೊಂದನ್ನು ಸೇರಿಸುತ್ತಾರೆ. ಅಮೆರಿಕದಲ್ಲಿ 1910ರಿಂದ ಇದಕ್ಕೆ ನಕ್ಷತ್ರದ ಗುರುತು. ಇನ್ನು ಕೆಲವು ದೇಶಗಳಲ್ಲಿ ಇಂಗ್ಲಿಷ್ ವರ್ಣಮಾಲೆಯ ಕಟ್ಟಕಡೆಯ ಅಕ್ಷರವಾದ ‘ಝಡ್’. ಪೆಸಿಫಿಕ್ ಸಾಗರದ ನಡುವಿನ ಫಿಜಿ ಈ ಎರಡನೆಯ ಸಾಲಿಗೆ ಸೇರಿದ್ದು. 1970ರ ದಶಕದ ಫಿಜಿ ನೋಟಿನ ಸಂಖ್ಯೆಯ ಮುಂದೆ ‘ಝಡ್/1’ ಎಂದಿದ್ದರೆ ಸಂಗ್ರಾಹಕನ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ.

ಫಿಜಿಯೇ ಏಕೆ? ಮುನ್ನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ಅಲ್ಲಿನ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ. ಜನ ಕಡಿಮೆಯಾದ ಕಡೆ ಅಚ್ಚಾಗುವ ನೋಟೂ ಕಡಿಮೆ, ಬದಲಿ ನೋಟು ಇನ್ನೂ ಕಡಿಮೆ. ಅದರಲ್ಲೂ ಹೆಚ್ಚಿನವು ಮೀನು ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಸಕ್ಕರೆ ಕಾರ್ಖಾನೆಯ ಸಂಬಳದ ದಿನದಲ್ಲಿ ಕೈಯಿಂದ ಕೈಗೆ ಹೋಗಿ ಸವೆದು, ಕೊನೆಗೆ ಬ್ಯಾಂಕಿಗೆ ಮರಳಿ ನಾಶವಾದವು. ‘ಇದು ಬದಲಿ ನೋಟು, ಎತ್ತಿಡೋಣ’ ಎಂದು ಯಾರಿಗೂ ಹೊಳೆಯಲಿಲ್ಲ. ಹಾಗೆ ಹೊಳೆಯದಿದ್ದುದರಿಂದಲೇ ಉಳಿದ ಕೆಲವಕ್ಕೆ ಇಷ್ಟು ಬೆಲೆ.

ಈ ನೋಟುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಚರಿತ್ರೆಯ ಪಾಠವೇ ಆಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಫಿಜಿಯಲ್ಲಿ ಒಂದು ಪೆನ್ನಿಗೂ ಕಾಗದದ ನೋಟು ಬಂತು. 1969ರಲ್ಲಿ ಪೌಂಡ್ ಹೋಗಿ ಡಾಲರ್ ಬಂತು. ಹತ್ತು ಷಿಲಿಂಗಿಗೆ ಒಂದು ಡಾಲರ್. ಮರುವರ್ಷ ಸ್ವಾತಂತ್ರ್ಯ. 1987ರಲ್ಲಿ ದೇಶ ಗಣರಾಜ್ಯವಾಯಿತು. ಆದರೂ ನೋಟಿನ ಮೇಲಿನ ಬ್ರಿಟಿಷ್ ರಾಣಿ ಮಾತ್ರ ಅಲುಗಾಡಲಿಲ್ಲ! 2013ರಲ್ಲಿ ಹೊರಬಂದ ಹೊಸ ಸರಣಿಯಲ್ಲಿ ರಾಣಿಯ ಜಾಗಕ್ಕೆ ಅಲ್ಲಿಯದೇ ಹಕ್ಕಿ, ಮೀನು, ಹೂಗಳು ಬಂದವು. ನೂರು ಡಾಲರ್ ನೋಟಿನ ಮೇಲಿರುವುದು ಎಂಟು ವರ್ಷಗಳಿಗೊಮ್ಮೆ ಮಣ್ಣಿನಿಂದ ಮೇಲೆ ಬರುವ ‘ನನಾಯ್’ ಎಂಬ ಜೀರುಂಡೆ.

ಆದರೆ ಭಾರತದವರ ಕೈಯಲ್ಲಿ ಫಿಜಿಯ ನೋಟು ಬೇರೊಂದು ಕಥೆಯನ್ನೂ ಹೇಳುತ್ತದೆ. 1875ರ ದಡಾರದ ಪಿಡುಗಿನಲ್ಲಿ ಅಲ್ಲಿನ ಮೂಲನಿವಾಸಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಉಳಿದವರನ್ನು ತೋಟದ ದುಡಿಮೆಗೆ ಹಚ್ಚುವುದು ಬೇಡವೆಂದು ಗವರ್ನರ್ ಆರ್ಥರ್ ಗಾರ್ಡನ್ ತೀರ್ಮಾನಿಸಿದರು. ಅವರ ಬದಲಿಗೆ ಯಾರು? ಉತ್ತರ ಭಾರತದಲ್ಲಿ ಸಿಕ್ಕಿತು. 1879ರ ಮೇ 14ರಂದು ‘ಲಿಯೊನಿಡಾಸ್’ ಹಡಗು ಮೊದಲ ಭಾರತೀಯ ಕೂಲಿಗಳನ್ನು ಅಲ್ಲಿಗೆ ತಂದಿತು. 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. 1916ರ ಹೊತ್ತಿಗೆ ಹೋದವರು ಅರವತ್ತು ಸಾವಿರಕ್ಕೂ ಹೆಚ್ಚು. ಐದು ವರ್ಷದ ‘ಅಗ್ರಿಮೆಂಟ್’ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯರಾದರು.

ಆ ಕರಾರಿನಲ್ಲಿ ಹೇಳಿದ್ದ ಕೂಲಿ ಗಂಡಸಿಗೆ ದಿನಕ್ಕೆ ಒಂದು ಷಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ. ಒಪ್ಪಿಸಿದ ಕೆಲಸ ಮುಗಿಯದಿದ್ದರೆ ಅಷ್ಟೂ ಇಲ್ಲ. ಹತ್ತು ಷಿಲಿಂಗಿಗೆ ಒಂದು ಡಾಲರೆಂಬ ಲೆಕ್ಕ ಹಿಡಿದರೆ, ಸಂಗ್ರಾಹಕ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿರುವ ಆ ಒಂದು ಡಾಲರ್ ನೋಟು ಕಬ್ಬಿನ ಗದ್ದೆಯಲ್ಲಿ ಒಬ್ಬ ಗಂಡಾಳಿನ ಹತ್ತು ದಿನದ ಬೆವರು. ಈ ಲೆಕ್ಕ ಯಾವ ಮಾರಾಟದ ಪಟ್ಟಿಯಲ್ಲೂ ಇರುವುದಿಲ್ಲ. ಆ ಕೂಲಿಗಳಿಗೂ ಒಂದೊಂದು ಸಂಖ್ಯೆ ಇತ್ತು. ಹೆಸರು, ತಂದೆಯ ಹೆಸರು, ಊರು, ಜಾತಿ, ಎತ್ತರ, ಮೈಮೇಲಿನ ಮಚ್ಚೆ ಎಲ್ಲವನ್ನೂ ಬರೆದ ವಲಸೆ ಪಾಸುಗಳು ಸುವಾ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಜ್ಜನ ಊರು ಯಾವುದೆಂದು ತಿಳಿಯಲು ಮೊಮ್ಮಕ್ಕಳು, ಮರಿಮಕ್ಕಳು ಹುಡುಕುವುದು ಆ ಪಾಸನ್ನೇ.

ಈ ಹವ್ಯಾಸದಲ್ಲಿ ಮೋಸವೂ ಉಂಟು. ಸವೆದ ನೋಟನ್ನು ತೊಳೆದು, ಇಸ್ತ್ರಿ ಹಾಕಿ, ಗರಿಗರಿ ನೋಟೆಂದು ಮಾರುವವರಿದ್ದಾರೆ. ಬಲ್ಲವನು ನೋಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಮಡಿಕೆಯ ಗೆರೆ ಹುಡುಕುತ್ತಾನೆ. ಸಹಿ ಯಾರದು, ಸರಣಿ ಯಾವುದು ಎಂದು ಪುಸ್ತಕದೊಡನೆ ತಾಳೆ ನೋಡುತ್ತಾನೆ. ಅವಸರಪಟ್ಟವನ ಜೇಬು ಬರಿದಾಗುತ್ತದೆ. ಮಕ್ಕಳಿಗೆ ಈ ಹವ್ಯಾಸ ಕಲಿಸುವ ದೊಡ್ಡ ಪಾಠ ಇದೇ ಇರಬೇಕು: ಮೊದಲು ಓದು, ಆಮೇಲೆ ಕೊಳ್ಳು.

ಕೊಳ್ಳಲೇಬೇಕೆಂದೂ ಇಲ್ಲ. ನಮ್ಮ ದೇಶದಲ್ಲಿ 2006ರವರೆಗೆ ಕೆಟ್ಟ ನೋಟಿನ ಬದಲು ಅದೇ ಸಂಖ್ಯೆಯ ನೋಟನ್ನು ಸೇರಿಸುತ್ತಿದ್ದರು. ಆ ವರ್ಷ ರಿಸರ್ವ್ ಬ್ಯಾಂಕ್ ಹತ್ತು, ಇಪ್ಪತ್ತು, ಐವತ್ತು ರೂಪಾಯಿಗಳಲ್ಲಿ ನಕ್ಷತ್ರದ ಸರಣಿಯನ್ನು ಆರಂಭಿಸಿತು. ಅಕ್ಷರಕ್ಕೂ ಅಂಕಿಗೂ ನಡುವೆ ಪುಟ್ಟ ನಕ್ಷತ್ರ. ನಕ್ಷತ್ರವಿರುವ ನೋಟು ಖೋಟಾ ಎಂಬ ಗಾಳಿಮಾತು ಹಬ್ಬಿದಾಗ, 2023ರ ಜುಲೈನಲ್ಲಿ, ಅದು ಬೇರೆಲ್ಲ ನೋಟುಗಳಂತೆಯೇ ಸಾಚಾ ಎಂದು ಬ್ಯಾಂಕ್ ಸ್ಪಷ್ಟಪಡಿಸಬೇಕಾಯಿತು. ಅಂಗಡಿಯಿಂದ ಚಿಲ್ಲರೆ ತರುವ ಹುಡುಗನಿಗೆ ಅಂಥದೊಂದು ಎಂದಾದರೂ ಸಿಕ್ಕೀತು. ಖರ್ಚು ಹತ್ತೇ ರೂಪಾಯಿ. ಬೇಸರ ಬಂದರೆ ಅದೇ ಹತ್ತು ರೂಪಾಯಿಗೆ ಪೆನ್ಸಿಲ್ ಕೊಳ್ಳಬಹುದು.

ಮಗ ನೋಟಿನ ಮೇಲಿನ ಅಂಕಿಗಳನ್ನು ದಿಟ್ಟಿಸುತ್ತ ಕುಳಿತರೆ ಓದು ಕೆಟ್ಟಿತೆಂದು ತಂದೆತಾಯಿ ಗಾಬರಿಯಾಗಬೇಕಿಲ್ಲ. ಪಕ್ಕದಲ್ಲಿ ಕುಳಿತು, ‘ಇದು ಯಾವುದರ ಬದಲಿಗೆ ಬಂದದ್ದು?’ ಎಂದು ಕೇಳಿದರೆ ಸಾಕು. ಉತ್ತರ ಹುಡುಕುತ್ತ ಅವನು ಭೂಪಟ ತೆರೆಯುತ್ತಾನೆ, ಫಿಜಿಯನ್ನು ಕಾಣುತ್ತಾನೆ. ಹೆಸರು ಮರೆತುಹೋದ ಅರವತ್ತು ಸಾವಿರ ಜನರ ವಿಷಯವೂ ಆಗ ಅವನ ಕಿವಿಗೆ ಬಿದ್ದೀತು.